ಹುಳುಗಳ ಅಳತೆಗೆ ಹೊಲಿದ ಹಾಸಿಗೆ

ಮಲೆನಾಡಿನಲ್ಲಿ ಮನೆಯ ಹೊರಗೆ ಮಲಗುವುದೆಂದರೆ ಅಲ್ಲಿನ ಹುಳುಹುಪ್ಪಟೆಗಳ ಜೊತೆ ಒಂದು ಕರಾರಿಗೆ ಬರುವುದು. ಚಿರತೆ, ಕಾಟಿ, ಕಾಳಿಂಗದ ಕತೆಗಳನ್ನು ಊರವರು ಕೇಳಿದಷ್ಟೂ ಹೇಳುತ್ತಾರೆ. ಆದರೆ ಅವು ಯಾವುವೂ ನಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ರಾತ್ರಿಯಿಡೀ ಹುಡುಕಿಕೊಂಡು ಬಂದು ಮೈಮುಟ್ಟಿ ವಿಚಾರಿಸುವವರು ಬೇರೆ: ಸೊಳ್ಳೆ, ನೊರಜು, ಉಂಬಳ, ಉಣುಗು, ಚಗಳಿ. ಸಾಗರದ ಕಡೆ, ಶರಾವತಿ ಹಿನ್ನೀರಿಗೆ ಮುಖ ಮಾಡಿದ ಒಂದು ಅಡಿಕೆ ತೋಟದ ಮೇಲ್ಭಾಗದಲ್ಲಿ ಮಳೆಗಾಲ ಮುಗಿದ ಮೇಲೆ ಕೆಲವು ರಾತ್ರಿ ಹೊರಗೇ ಮಲಗಬೇಕೆಂದು ಆಸೆಯಾದಾಗ ಈ ಐವರ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು, ಬೆಂಗಳೂರಿನ ಮನೆಯಲ್ಲಿ ಅಮ್ಮನ ಹಳೆಯ ಪೆಡಲ್ ಮಿಷನ್ನಿನ ಮುಂದೆ ಕೂತೆ. ಪ್ರವಾಸ ಅಲ್ಲಿಂದಲೇ ಶುರು.

ಟೆಂಟ್ ಒಯ್ಯಬಹುದಲ್ಲ ಎಂದರು ಕೆಲವರು. ಟೆಂಟಿಗೆ ಒಣಗಿದ, ಮಟ್ಟಸವಾದ ಆರೇಳು ಅಡಿ ನೆಲ ಬೇಕು. ಮಲೆನಾಡಿನಲ್ಲಿ ಅಂಥ ನೆಲ ಎಲ್ಲಾದರೂ ಇದ್ದರೆ ಅಲ್ಲಿ ಆಗಲೇ ಗದ್ದೆಯೋ ಮನೆಯೋ ಅಡಿಕೆ ಒಣಗಿಸುವ ಅಂಗಳವೋ ಇರುತ್ತದೆ. ಉಳಿದದ್ದೆಲ್ಲ ಇಳಿಜಾರು, ಬೇರು, ದರಕು. ಮರಗಳಿಗೆ ಮಾತ್ರ ಬರವಿಲ್ಲ. ಎರಡು ಮರಗಳ ನಡುವೆ ಬಟ್ಟೆ ಕಟ್ಟಿ ಮಲಗುವವರಿಗೆ ಕೆಳಗಿನ ನೆಲ ಓರೆಯಾದರೇನು, ಕೆಸರಾದರೇನು?

ಈ ಉಪಾಯ ಹುಟ್ಟಿದ್ದು ಕೆರಿಬಿಯನ್ ಮತ್ತು ದಕ್ಷಿಣ ಅಮೆರಿಕದ ಬಿಸಿ, ತೇವದ ನಾಡುಗಳಲ್ಲಿ. 1492ರಲ್ಲಿ ಬಹಾಮಾ ದ್ವೀಪಗಳಿಗೆ ಬಂದ ಕೊಲಂಬಸ್ ಅಲ್ಲಿಯ ಜನ ಹತ್ತಿಯ ಬಲೆಗಳಲ್ಲಿ ತೂಗಿಕೊಂಡು ಮಲಗುವುದನ್ನು ಕಂಡು ಬರೆದಿಟ್ಟ. ಈ ಬಲೆಹಾಸಿಗೆ, ಅಂದರೆ ಹ್ಯಾಮಕ್, ಹಡಗು ಹತ್ತಿ ಯುರೋಪಿಗೆ ಹೋಯಿತು. 1597ರಲ್ಲಿ ಇಂಗ್ಲೆಂಡಿನ ನೌಕಾಪಡೆ ಅದನ್ನು ನಾವಿಕರ ಹಾಸಿಗೆಯಾಗಿ ಒಪ್ಪಿಕೊಂಡಿತು. ಹಡಗಿನಲ್ಲಿ ಸೆಣಸಬೇಕಾದದ್ದು ಅಲೆಯ ಓಲಾಟದ ಜೊತೆ, ಆದ್ದರಿಂದ ಬಟ್ಟೆ, ಹಗ್ಗ ಎರಡೇ ಸಾಕಾದವು. ಪರದೆಯನ್ನೂ ಸೇರಿಸಿ ಹೊಲಿದ ಹ್ಯಾಮಕ್ ದೊಡ್ಡ ಸಂಖ್ಯೆಯಲ್ಲಿ ತಯಾರಾದದ್ದು ಎರಡನೆಯ ಮಹಾಯುದ್ಧದಲ್ಲಿ, ಅಮೆರಿಕದ ಸೈನಿಕರು ಪೆಸಿಫಿಕ್ ದ್ವೀಪಗಳ ಕಾಡು ಹೊಕ್ಕಾಗ. ಅಲ್ಲಿ ಮಲೇರಿಯಾ ಶತ್ರುವಿನಷ್ಟೇ ಜನರನ್ನು ಕಾಡುತ್ತಿತ್ತು. ಕೆಳಗೆ ಬಟ್ಟೆ, ಸುತ್ತ ಪರದೆಯ ಗೋಡೆ, ಮೇಲೆ ರಬ್ಬರು ಬಳಿದ ಸೂರು, ಹೊಕ್ಕು ಹೊರಬರಲು ಜಿಪ್ಪು: ಎಲ್ಲವೂ ಒಂದೇ ಹೊಲಿಗೆಯಲ್ಲಿ. ಹಾಸಿಗೆಯೊಂದರ ಆಕಾರವನ್ನು ಸೊಳ್ಳೆ ತೀರ್ಮಾನಿಸಿತು. ಆ ದ್ವೀಪಗಳ ಸೊಳ್ಳೆಗೆ ಅವರು ಹೊಲಿದರೆ ಶರಾವತಿಯ ಸೊಳ್ಳೆಗೆ ನಾನು ಹೊಲಿಯಬೇಕಿತ್ತು.

ಚಿಕ್ಕಪೇಟೆಯಲ್ಲಿ ರಿಪ್‌ಸ್ಟಾಪ್ ನೈಲಾನ್ ಕೇಳಿದರೆ ಅಂಗಡಿಯವರ ಮೊದಲ ಪ್ರಶ್ನೆ, “ಜಾಕೆಟ್ಟಿಗಾ, ಛತ್ರಿಗಾ?” “ಮಲಗೋಕೆ” ಎಂದೆ. ಅವರು ಥಾನು ಬಿಚ್ಚುವುದನ್ನು ನಿಲ್ಲಿಸಿ ಒಮ್ಮೆ ನನ್ನ ಮುಖ ನೋಡಿ, ಮತ್ತೆ ಬಿಚ್ಚಿದರು. ಬೆಳಕಿಗೆ ಹಿಡಿದರೆ ಈ ಬಟ್ಟೆಯಲ್ಲಿ ಸಣ್ಣ ಸಣ್ಣ ಚೌಕಗಳು ಕಾಣುತ್ತವೆ. ಪ್ರತಿ ಚೌಕದ ಗೆರೆಯಲ್ಲಿ ಒಂದು ದಪ್ಪ ಎಳೆ ಓಡಿರುತ್ತದೆ. ಮುಳ್ಳು ತಾಗಿ ಎಲ್ಲೋ ಹರಿದರೂ ಹರಕು ಆ ಎಳೆಗೆ ಬಂದು ನಿಲ್ಲುತ್ತದೆ. 60 ಇಂಚು ಪನ್ನದ್ದನ್ನು 11 ಅಡಿ ಉದ್ದಕ್ಕೆ ಎರಡು ತುಂಡು ಕೊಂಡೆ. ಎರಡೇಕೆಂದರೆ, ಹ್ಯಾಮಕ್ಕಿನಲ್ಲಿ ಮಲಗಿದಾಗ ಬೆನ್ನಿಗೆ ಬಟ್ಟೆ ಬಿಗಿದು ಅಂಟಿಕೊಳ್ಳುತ್ತದೆ. ಮೇಲೆ ಎಂಥ ಪರದೆ ಹಾಕಿದರೂ ಸೊಳ್ಳೆ ಕೆಳಗಿನಿಂದ ಬಂದು ಆ ಬಟ್ಟೆಯ ಎಳೆಗಳ ಸಂದಿಯಲ್ಲೇ ಸೊಂಡಿಲು ತೂರಿಸಬಲ್ಲದು. ಎರಡು ಪದರವಿದ್ದು ನಡುವೆ ಏನಾದರೂ ಹಾಸಿದರೆ ಸೊಂಡಿಲಿನ ಉದ್ದ ಸಾಲುವುದಿಲ್ಲ.

ಪರದೆಯ ಬಟ್ಟೆ ಆರಿಸುವುದು ಇನ್ನೂ ಸೂಕ್ಷ್ಮದ ಕೆಲಸ. ಮನೆಯ ಮಂಚಕ್ಕೆ ಕಟ್ಟುವ ಮಾಮೂಲಿ ಸೊಳ್ಳೆಪರದೆಗೆ ಚದರ ಇಂಚಿಗೆ 156 ಕಣ್ಣುಗಳಿರುವುದು ರೂಢಿಯ ಅಳತೆ. ಒಂದೊಂದು ಕಣ್ಣೂ ಒಂದು ಮಿಲಿಮೀಟರಿಗಿಂತ ತುಸು ದೊಡ್ಡದು. ಸೊಳ್ಳೆಗೆ ಅದು ಗೋಡೆ. ನೀರಿನಂಚಿನ ನೊರಜಿಗೆ ತೆರೆದ ಬಾಗಿಲು. ಕಣ್ಣು ತೀರಾ ಸಣ್ಣದಾದರೆ ನೊರಜು ನಿಲ್ಲುತ್ತದೆ, ಜೊತೆಗೆ ಗಾಳಿಯೂ ನಿಲ್ಲುತ್ತದೆ, ಒಳಗೆ ಬೇಯಬೇಕು. ಹಿನ್ನೀರಿನ ಮೇಲಿನಿಂದ ಸಂಜೆಗೆ ಗಾಳಿ ಏಳುತ್ತದೆಂದು ತೋಟದವರು, ನನ್ನ ಸ್ನೇಹಿತನ ಅಣ್ಣ, ಫೋನಿನಲ್ಲಿ ಹೇಳಿದ ಮೇಲೆ ಸಣ್ಣ ಕಣ್ಣಿನ ಬಲೆಯನ್ನೇ ತೆಗೆದುಕೊಂಡೆ. ಬಣ್ಣ ಕಪ್ಪು. ಬಿಳಿ ಪರದೆಯೊಳಗೆ ಕೂತರೆ ಬೆಳಕೆಲ್ಲ ಪರದೆಯ ಮೇಲೇ ಚೆಲ್ಲಿ ಹೊರಗೇನೂ ಕಾಣುವುದಿಲ್ಲ. ಕಪ್ಪಿನೊಳಗಿಂದ ಕಾಡು ಸ್ಪಷ್ಟ.

ನೈಲಾನು ಹತ್ತಿಯಂತೆ ಮಾತು ಕೇಳುವ ಬಟ್ಟೆಯಲ್ಲ. ಕತ್ತರಿಸಿದ ಅಂಚು ಎಳೆಎಳೆಯಾಗಿ ಬಿಡುತ್ತದೆ, ಮೇಜಿನಿಂದ ಜಾರುತ್ತದೆ, ಗುಂಡುಸೂಜಿ ಚುಚ್ಚಿದರೆ ತೂತು ಹಾಗೇ ಉಳಿಯುತ್ತದೆ. ನಮ್ಮ ಬೀದಿಯ ಟೈಲರ್ ಒಂದು ಉಪಾಯ ತೋರಿಸಿದರು. ಊದುಬತ್ತಿ ಹಚ್ಚಿ, ಅದರ ಕೆಂಡದ ತುದಿಯನ್ನು ಕತ್ತರಿಸಿದ ಅಂಚಿನುದ್ದಕ್ಕೂ ತಾಗಿಸಿಯೂ ತಾಗಿಸದೆ ಓಡಿಸುವುದು. ಎಳೆಗಳು ಕರಗಿ ಕೂಡಿಕೊಂಡು ಕೂದಲೆಳೆಯಷ್ಟು ತೆಳ್ಳನೆಯ ಗಟ್ಟಿ ಅಂಚಾಗುತ್ತದೆ. ಕೈ ಒಂದು ಕ್ಷಣ ತಡೆದರೆ ತೂತು, ಅವಸರಪಟ್ಟರೆ ಅಂಚು ಕೂಡುವುದಿಲ್ಲ. ಮನೆಯೆಲ್ಲ ಮಲ್ಲಿಗೆ ಊದುಬತ್ತಿಯ ಪರಿಮಳದ ನಡುವೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಗುಂಡುಸೂಜಿಯ ಬದಲು ಬಟ್ಟೆ ಒಣಹಾಕುವ ಕ್ಲಿಪ್ಪುಗಳು. ದಾರದ ವಿಷಯದಲ್ಲಿ ಟೈಲರ್ ಖಡಾಖಂಡಿತ: “ಕಾಟನ್ ದಾರ ಹಾಕ್ಬೇಡಿ ಸಾರ್, ಮಳೇಲಿ ನೆಂದು ಕೊಳೆಯುತ್ತೆ. ಪಾಲಿಯೆಸ್ಟರ್ ಹಾಕಿ. ಹೊಲಿಗೆ ತೀರಾ ಒತ್ತೊತ್ತಾಗಿ ಬೇಡ, ಬಟ್ಟೆ ಅದೇ ಗೆರೇಲಿ ಹರಿಯುತ್ತೆ.”

ಉದ್ದನೆಯ ಅಂಚುಗಳನ್ನು ಎರಡು ಸಲ ಮಡಚಿ ಹೊಲಿದು, ಎರಡೂ ತುದಿಯಲ್ಲಿ ಹಗ್ಗ ತೂರಲು ಅಗಲವಾದ ನಾಲೆ ಬಿಟ್ಟರೆ ಹ್ಯಾಮಕ್ಕಿನ ತಳ ಮುಗಿದಂತೆ. ತುದಿಯ ಬಟ್ಟೆಯೆಲ್ಲ ನೆರಿಗೆಯಾಗಿ ಹಗ್ಗದ ಮೇಲೆ ಕೂಡಿಕೊಳ್ಳುತ್ತದೆ. ಪರದೆಯ ಭಾಗ ಬೇರೆಯದೇ ಲೆಕ್ಕ. ಮೈಭಾರವನ್ನೆಲ್ಲ ತಳದ ಬಟ್ಟೆಯೇ ಹೊರಬೇಕು, ಪರದೆಗೆ ಒಂದು ಗುಲಗಂಜಿ ಭಾರವೂ ಬೀಳಬಾರದು. ಅದಕ್ಕಾಗಿ ಪರದೆಯನ್ನು ತಳಕ್ಕಿಂತ ಸಡಿಲವಾಗಿ ಕತ್ತರಿಸಬೇಕು. ಅದು ಜೋತುಬೀಳದಂತೆ ಎತ್ತಿ ಹಿಡಿಯಲು ಎರಡು ತುದಿಗಳ ನಡುವೆ ಒಂದು ದಾರ ಎಳೆದು ಕಟ್ಟುತ್ತಾರೆ. ಈ ದಾರದ ಉದ್ದ ತಳದ ಉದ್ದದ ಶೇ. 83ರಷ್ಟಿರಬೇಕೆಂಬುದು ಹ್ಯಾಮಕ್ ಹೊಲಿಯುವವರೆಲ್ಲ ಒಪ್ಪುವ ಅಂದಾಜು. 11 ಅಡಿಯ ಬಟ್ಟೆಗೆ ಸುಮಾರು 9 ಅಡಿ 2 ಇಂಚು. ಮರಗಳ ನಡುವಿನ ಅಂತರ ಎಷ್ಟೇ ಇರಲಿ, ಈ ದಾರ ಇದ್ದರೆ ಬಟ್ಟೆ ಪ್ರತಿ ಸಲವೂ ಒಂದೇ ಪ್ರಮಾಣದಲ್ಲಿ ಬಾಗುತ್ತದೆ.

ಇನ್ನೊಂದು ಗುಟ್ಟು ಮಲಗುವ ರೀತಿಯಲ್ಲಿದೆ. ಉದ್ದಕ್ಕೆ ಮಲಗಿದರೆ ಬೆನ್ನು ಬಿಲ್ಲಾಗುತ್ತದೆ. ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಿದರೆ ಬಟ್ಟೆ ಹಿಗ್ಗಿ ಮೈ ಹೆಚ್ಚುಕಡಿಮೆ ಮಟ್ಟಸವಾಗುತ್ತದೆ. ಹಾಗಾಗಿ ತಲೆಯ ಬಲಕ್ಕೂ ಕಾಲಿನ ಎಡಕ್ಕೂ ಪರದೆ ಹೆಚ್ಚು ಅಗಲವಿರಬೇಕು, ಇಲ್ಲವಾದರೆ ಮೊಣಕೈ, ಹೆಬ್ಬೆರಳು ಬಲೆಗೆ ತಾಗಿ ಸೊಳ್ಳೆಗಳಿಗೆ ಔತಣವಾಗುತ್ತದೆ. ಒಂದು ಅಂಚಿಗೆ ಪರದೆಯನ್ನು ಪೂರ್ತಿ ಹೊಲಿದುಬಿಟ್ಟು, ಇನ್ನೊಂದು ಅಂಚಿಗೆ ಜಿಪ್ಪು ಕೂರಿಸಿದೆ. ಅದಕ್ಕೆ ಎರಡು ರನ್ನರ್. ಅವು ಸಂಧಿಸಿದಲ್ಲೇ ಬಾಗಿಲು. ಕೈಯಳತೆಗೆ ಎಲ್ಲಿ ಬೇಕೋ ಅಲ್ಲಿ. ಕತ್ತಲಲ್ಲಿ ಬೆರಳಿಗೆ ಸಿಗಲೆಂದು ರನ್ನರಿಗೆ ಗಂಟು ಹಾಕಿದ ದಾರದ ಕುಚ್ಚು.

ಮೈಸೂರಿನಿಂದ ಬೆಂಗಳೂರಿನ ಮೇಲೆ ಹಾದು ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲು ಬೆಳಗಾಗುವ ಹೊತ್ತಿಗೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಸುತ್ತದೆ. ಅಲ್ಲಿಂದ ಬಸ್ಸು, ಆಮೇಲೆ ಅಣ್ಣನ ಜೀಪು. ಸ್ನೇಹಿತನ ಅಣ್ಣ ನನಗೂ ಅಣ್ಣನೇ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿ ಕಣಿವೆ ತುಂಬಿದ ಮೇಲೆ ಇಲ್ಲಿಯ ಗುಡ್ಡಗಳೆಲ್ಲ ನೀರಿನ ನಡುವೆ ದ್ವೀಪಗಳೋ ದಂಡೆಗಳೋ ಆದವು. ಅಕ್ಟೋಬರ್ ಕೊನೆಯಲ್ಲಿ ನೀರು ಗುಡ್ಡದ ಸೊಂಟದವರೆಗೆ ನಿಂತಿತ್ತು. ಕಾಯ್ದಿಟ್ಟ ಅರಣ್ಯದಲ್ಲಿ ಇಲಾಖೆಯ ಅನುಮತಿಯಿಲ್ಲದೆ ಬೀಡುಬಿಡುವಂತಿಲ್ಲ; ನಾನು ಮಲಗಬೇಕೆಂದಿದ್ದದ್ದು ತೋಟದ ಮೇಲಿನ ಅವರ ಸ್ವಂತ ಹಕ್ಕಲಿನಲ್ಲಿ.

“ಒಳಗೆ ಮಂಚ ಇಲ್ವಾ ಮಾರಾಯ್ರೆ? ನೋಡಿದವರು ನಮ್ಮನೇಲಿ ನೆಂಟ್ರಿಗೆ ಜಾಗ ಕೊಡ್ಲಿಲ್ಲ ಅಂತಾರೆ” ಎಂದರು ಅಣ್ಣ. ಅವರ ತಾಯಿ ಚೀಲದಿಂದ ಹೊರಬಂದ ಬಟ್ಟೆಯನ್ನು ಜಗಲಿಯ ಮೇಲೆ ಹರಡಿಸಿಕೊಂಡು, “ಇಷ್ಟು ದೊಡ್ಡವರಿಗೂ ಜೋಲಿಯಾ?” ಎಂದು ನಕ್ಕರು. ಆದರೆ ನಗುತ್ತಲೇ ಕನ್ನಡಕ ಏರಿಸಿ, ಅಂಚನ್ನು ತಿರುವಿ, ಹೊಲಿಗೆಯ ಮೇಲೆ ಉಗುರು ಎಳೆದು ನೋಡಿದರು. “ಕೊನೇಲಿ ಹಿಂದಕ್ಕೊಂದು ಹೊಲಿಗೆ ಹಾಕಿದ್ದೀರಾ? ಇಲ್ದಿದ್ರೆ ಅಲ್ಲಿಂದಲೇ ಬಿಡೋದು.” ಹಾಕಿದ್ದೆ. ಅವರು ಕನ್ನಡಕ ಇಳಿಸಿ, ಒಳಗೆ ಹೋಗಿ ಒಂದು ಕರಿಕಂಬಳಿ ತಂದು ಕೈಗಿತ್ತರು. “ಕೆಳಗಿಂದ ಥಂಡಿ ಏರತ್ತೆ, ಇದನ್ನ ಅಡಿಗೆ ಹಾಕ್ಕೊಳ್ಳಿ.” ಎರಡು ಪದರಗಳ ನಡುವೆ ಏನು ಹಾಸಬೇಕೆಂಬ ಪ್ರಶ್ನೆಗೆ ಅದೇ ಉತ್ತರವಾಯಿತು. ಹ್ಯಾಮಕ್ಕಿನ ಕೆಳಗೆ ಗಾಳಿ ಓಡಾಡುವುದರಿಂದ ಬೆನ್ನಿನ ಬಿಸಿ ಬೇಗ ಸೋರಿಹೋಗುತ್ತದೆ. ಕುರಿ ಉಣ್ಣೆಯ ಕಂಬಳಿ ಚಳಿಯನ್ನೂ ತಡೆಯಿತು, ಸೊಂಡಿಲನ್ನೂ.

ಮರ ಆರಿಸಲು ಅಣ್ಣ ಜೊತೆಗೆ ಬಂದರು. ಮೊದಲ ಮಾತೇ, ಅಡಿಕೆ ಮರಕ್ಕೆ ಕಟ್ಟಕೂಡದು. ಬಾಗುವ ಮರ, ಅದರ ಮೇಲೆ ಒಂದು ಮನೆಯ ವರ್ಷದ ಲೆಕ್ಕ ನಿಂತಿದೆ. ತೆಂಗಿನ ಕೆಳಗೂ ಬೇಡ, ಕಾಯಿ ಯಾರ ಮುಖವನ್ನೂ ನೋಡುವುದಿಲ್ಲ. ನಾನು ಕೈಯಿಟ್ಟ ಮೂರನೆಯ ಮರದಿಂದ ಅವರು ನನ್ನ ಕೈಯನ್ನೇ ಹಿಡಿದು ತೆಗೆದರು. ಅದು ಹೊಳಗೇರು. ಅದರ ಸೊನೆ ತಾಗಿದರೆ ಮೈ ಬೊಬ್ಬೆಯೇಳುತ್ತದೆ. ಕೊನೆಗೆ ಒಂದು ಹಲಸು, ಎದುರಿಗೊಂದು ಮತ್ತಿ ಸಿಕ್ಕಿತು. ಮೇಲೆ ಒಣಕೊಂಬೆ ಇಲ್ಲವೆಂದು ಅಣ್ಣ ತಲೆಯೆತ್ತಿ ಸುತ್ತ ಒಂದು ಬಾರಿ ನಡೆದು ನೋಡಿದರು.

ಮರಕ್ಕೆ ಸುತ್ತಲು ನಾನು ಒಯ್ದದ್ದು ಶಾಲೆಯ ಬ್ಯಾಗಿಗೆ ಹಾಕುವಂಥ ಒಂದಿಂಚು ಅಗಲದ ಪಾಲಿಯೆಸ್ಟರ್ ಪಟ್ಟಿ. ತೆಳ್ಳನೆಯ ಹಗ್ಗ ತೊಗಟೆಗೆ ಕಚ್ಚುತ್ತದೆ. ನೈಲಾನ್ ಹಗ್ಗವಾದರೆ ರಾತ್ರಿ ಹಿಗ್ಗಿ ಹಿಗ್ಗಿ ಬೆಳಗಿಗೆ ಸೊಂಟ ನೆಲಕ್ಕೆ ತಾಗಿರುತ್ತದೆ. ಕಟ್ಟುವಾಗ ಕಣ್ಣಿಗೆ ಚೆನ್ನಾಗಿ ಕಾಣಲೆಂದು ಬಿಗಿಯಾಗಿ ಎಳೆಯುವ ಆಸೆಯಾಗುತ್ತದೆ. ಇದರ ಗಣಿತ ಬೇರೆ ಹೇಳುತ್ತದೆ. ಹಗ್ಗ ನೆಲಮಟ್ಟದಿಂದ 30 ಡಿಗ್ರಿ ಕೋನದಲ್ಲಿದ್ದರೆ 70 ಕಿಲೋ ತೂಕದ ಮನುಷ್ಯ ಮಲಗಿದಾಗ ಪ್ರತಿ ಹಗ್ಗದ ಮೇಲೆ 70 ಕಿಲೋ ಎಳೆತ. ಕೋನ 15 ಡಿಗ್ರಿಗೆ ಇಳಿದರೆ 135 ಕಿಲೋ. 10 ಡಿಗ್ರಿಗೆ ಇಳಿದರೆ 200 ಕಿಲೋ ದಾಟುತ್ತದೆ. ಸಡಿಲ ಬಿಟ್ಟಷ್ಟೂ ಹಗ್ಗಕ್ಕೂ ಮರಕ್ಕೂ ಹೊಲಿಗೆಗೂ ನೆಮ್ಮದಿ.

ಕತ್ತಲಾಗುವ ಮೊದಲೇ ಚೀಟಿಯ ಕೊನೆಯ ಹೆಸರು ಹಾಜರಾಯಿತು. ಹಲಸಿನ ಮರದ ಎಲೆಗಳನ್ನು ಹೆಣೆದು ಗೂಡು ಕಟ್ಟಿದ್ದ ಚಗಳಿಗಳಿಗೆ ಹೊಸದೊಂದು ಸೇತುವೆ ಸಿಕ್ಕಿತ್ತು. ಪಟ್ಟಿಯ ಮೇಲೆ ಒಂದು, ಅದರ ಹಿಂದೆ ನಾಲ್ಕು, ಆಮೇಲೆ ಸಾಲು. ಮುಂದಿನ ಇರುವೆ ಬಟ್ಟೆಯ ನೆರಿಗೆಯ ಬಳಿ ನಿಂತು ಮೀಸೆ ಆಡಿಸಿತು, ಹಿಂದಿರುಗಿತು, ಎದುರು ಬಂದವಳ ಮುಖ ಮುಟ್ಟಿ ಏನೋ ಹೇಳಿ ಮತ್ತೆ ಬಂತು. ನೆರಿಗೆಗಳ ಒಳಗೆ ಇಳಿದು, ಪರದೆ ಬಟ್ಟೆಗೆ ಕೂಡುವ ಹೊಲಿಗೆಯ ಉದ್ದಕ್ಕೂ ತಡಕಿಕೊಂಡು ಸಾಗಿತು. ಆ ಹೊಲಿಗೆ ಹಾಕುವಾಗ ಪ್ರತಿ ಇಂಚನ್ನೂ ನಾನು ಬೆರಳಲ್ಲಿ ಮುಟ್ಟಿದ್ದೆ. ಈಗ ಇನ್ನೊಬ್ಬರು ಅದಕ್ಕಿಂತ ನಿಧಾನವಾಗಿ, ಮೀಸೆಯಲ್ಲಿ ಪರೀಕ್ಷಿಸುತ್ತಿದ್ದರು. ಜಿಪ್ಪಿನ ತುದಿಯಲ್ಲಿ ಬಟ್ಟೆ ದಪ್ಪವಾಗಿ ಮಡಚಿದ ಕಡೆ ಅದು ಬಹಳ ಹೊತ್ತು ನಿಂತಿತು. ಅಲ್ಲಿ ಸಂದಿ ಉಳಿಯದಿರಲೆಂದು ಕೈಹೊಲಿಗೆ ಹಾಕಿದ್ದೆ. ಇರುವೆ ಮುಂದೆ ಹೋಯಿತು. ಅಣ್ಣ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಚೂರನ್ನು ಎರಡೂ ಪಟ್ಟಿಗಳಿಗೆ ಸುತ್ತಿದ ಮೇಲೆ ಸಾಲು ತಿರುಗಿ ಮರಕ್ಕೇ ಹೋಯಿತು. ಈ ಊರಲ್ಲಿ ಚಗಳಿಯನ್ನು ಚಟ್ನಿ ಮಾಡುವುದೂ ಉಂಟು. ಇಬ್ಬರ ನಡುವಿನ ಕಡಿತ ಒಮ್ಮುಖದ್ದಲ್ಲ.

ರಾತ್ರಿ ಜಡಿ ಮಳೆಯಲ್ಲದಿದ್ದರೂ ಒಂದು ಸಣ್ಣ ಮಳೆ ಬಂತು. ಮೇಲೆ ಟಾರ್ಪಾಲು ಕಟ್ಟಿದ್ದರೂ ಮರದ ಕಾಂಡದಲ್ಲಿ ಇಳಿಯುವ ನೀರು ಪಟ್ಟಿ ಹಿಡಿದು ಹಾಸಿಗೆಗೇ ಬರುತ್ತದೆ. ಟಾರ್ಪಾಲಿನ ಅಂಚಿನೊಳಗೆ ಪಟ್ಟಿಗೊಂದು ಹತ್ತಿ ದಾರ ಕಟ್ಟಿ ಇಳಿಬಿಟ್ಟರೆ ನೀರು ಆ ದಾರ ಹಿಡಿದು ನೆಲಕ್ಕೆ ತೊಟ್ಟಿಕ್ಕುತ್ತದೆ. ಟಾರ್ಚು ಹಾಕಿದಾಗ ದಾರದ ತುದಿಯಲ್ಲಿ ಹನಿ ದಪ್ಪಗಾಗಿ ಬೀಳುವುದು ಕಾಣುತ್ತಿತ್ತು. ಉಂಬಳಗಳು ಅದರಡಿ ದರಕಿನ ಮೇಲೆ ಎದ್ದು ನಿಂತು ಗಾಳಿಯಲ್ಲಿ ತಲೆ ತಿರುಗಿಸುತ್ತಿದ್ದವು. ಅವುಗಳ ದಾರಿಯಲ್ಲಿ ನಮ್ಮದೇನೂ ಇರಬಾರದೆಂದು ಹ್ಯಾಮಕ್ಕಿನ ತಳಕ್ಕೆ ಹೊಲಿದಿದ್ದ ಕುಣಿಕೆಗಳಲ್ಲಿ ಚಪ್ಪಲಿ, ಚೀಲ ಎರಡೂ ನೇತಾಡುತ್ತಿದ್ದವು.

ಪರದೆಯೊಳಗೆ ಕೂತರೆ ಆಗುವ ದೊಡ್ಡ ಬದಲಾವಣೆ ಇದು: ಅವಸರ ಹೋಗುತ್ತದೆ. ಪರದೆಯಿಲ್ಲದೆ ಸಂಜೆ ಕಾಡಿನಂಚಿಗೆ ಹೋದವನ ಕೈ ಒಂದೇ ಸಮನೆ ಕೆನ್ನೆಗೆ, ಮೊಣಕಾಲಿಗೆ ಹೊಡೆಯುತ್ತಿರುತ್ತದೆ; ಹತ್ತು ನಿಮಿಷ ನೋಡಿ, ಚೆನ್ನಾಗಿದೆ ಎಂದು ವಾಪಸಾಗುತ್ತಾನೆ. ನಾವು ಪ್ರವಾಸಿಗರು ನೋಡುವ ಮಲೆನಾಡು ಬಹುಪಾಲು ಬೆಳಗಿನ ಒಂಬತ್ತರಿಂದ ಸಂಜೆ ಆರರವರೆಗಿನದು. ಕಾಡಿಗೆ ಅದು ನಿದ್ದೆಯ ಪಾಳಿ. ಸೊಳ್ಳೆಗಳು ಬಲೆಯ ಹೊರಗೆ ಹಾಡುತ್ತಿರಲು, ಅವು ಬರಲಾರವೆಂಬ ಧೈರ್ಯ ಮೈಗೆ ಇಳಿದ ಮೇಲೆ ಕಿವಿ ತೆರೆಯಿತು. ಮೊದಲು ಕಪ್ಪೆಗಳು, ಆಮೇಲೆ ಜೀರುಂಡೆಗಳ ನಡುವೆ ನತ್ತಿಂಗ ಹಕ್ಕಿಯ ಕುಟ್ಟುವ ದನಿ, ನಡುರಾತ್ರಿಯ ಮೇಲೆ ತೋಟದಲ್ಲಿ ಹಂದಿಗಳ ಗುಟುರು, ಅದಕ್ಕೆ ಮನೆಯ ನಾಯಿಯ ಬೈಗುಳ. ಬೆಳಕು ಹರಿಯುವ ಮುಂಚೆ ಹಳ್ಳದ ಕಡೆಯಿಂದ ಮಲಬಾರ್ ವಿಸ್ಲಿಂಗ್ ಥ್ರಷ್ ಹಕ್ಕಿಯ ಶಿಳ್ಳೆ. ಇವನ್ನೆಲ್ಲ ಕೇಳಿಸಿದ್ದು ಒಂದು ಮಿಲಿಮೀಟರಿಗಿಂತ ಸಣ್ಣ ಕಣ್ಣುಗಳು.

ಚೀಟಿಯಲ್ಲಿ ಒಂದು ಹೆಸರಿಗೆ ಮಾತ್ರ ಹೊಲಿಗೆಯಲ್ಲಿ ಪೂರ್ತಿ ಉತ್ತರವಿಲ್ಲ. ಅದು ಉಣುಗು. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದು, ಜನ ಜ್ವರದಲ್ಲಿ ಮಲಗಿದಾಗ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದು ಇದೇ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಕಾಯಿಲೆ ಹಲವರ ಜೀವ ತೆಗೆಯಿತು. ಉಣುಗಿಗೆ ರೆಕ್ಕೆಯಿಲ್ಲ, ಜಿಗಿಯಲೂ ಬಾರದು. ಎಲೆಯ ತುದಿಯಲ್ಲಿ ಮುಂಗಾಲು ಚಾಚಿಕೊಂಡು, ಹಾದುಹೋಗುವ ಮೈ ತಾಗುವವರೆಗೆ ಕಾಯುತ್ತದೆ. ನೆಲ ಬಿಟ್ಟು ಮಲಗಿದರೆ ಅಪಾಯ ತಗ್ಗುತ್ತದೆ ನಿಜ, ಆದರೆ ಹ್ಯಾಮಕ್ಕಿನವರೆಗೆ ದರಕು ತುಳಿದೇ ಹೋಗಬೇಕಲ್ಲ. ಇಲ್ಲಿಯ ಜನ ಕಾಡಿಗೆ ಹೋಗುವ ಮುನ್ನ ಉಣುಗು ಹತ್ತದಿರಲೆಂದು ಕೈಕಾಲಿಗೆ ಡೇಪಾ ಎಣ್ಣೆ ಹಚ್ಚಿಕೊಳ್ಳುತ್ತಾರೆ. “ದೀಪಾವಳಿ ಆಸುಪಾಸಲ್ಲಿ ಬಂದು ಹೋಗಿಬಿಡಿ. ಡಿಸೆಂಬರ್ ಮೇಲೆ ಮಳೆ ಬೀಳೋವರೆಗೆ ನಾವೇ ಹಕ್ಕಲಿಗೆ ಹೋಗೋದು ಕಮ್ಮಿ” ಎಂದು ಅಣ್ಣ ಮೊದಲೇ ಹೇಳಿದ್ದರು. ಸೂಜಿದಾರ ಮಾಡಲಾಗದ್ದನ್ನು ಕ್ಯಾಲೆಂಡರ್ ಮಾಡಬೇಕು. ಕಾಡಿನಲ್ಲಿ ಯಾವಾಗ ಮಲಗಬಾರದು ಎಂಬುದೂ ಕರಾರಿನ ಒಂದು ಕಲಮು.

ಹೊರಡುವ ದಿನ ಅಣ್ಣ ಅಡಿಕೆ ಸಿಪ್ಪೆಯ ರಾಶಿಯ ಪಕ್ಕ ಕೂತು ಕವಳ ಹಾಕುತ್ತ, ಬಹಳ ಹೊತ್ತಿನಿಂದ ಮನಸ್ಸಿನಲ್ಲಿದ್ದದ್ದನ್ನು ಹೊರಗಿಟ್ಟರು. ಕೊಯ್ಲಿನ ಹೊತ್ತಿಗೆ ಗದ್ದೆಗೆ ಹಂದಿ ಬರುತ್ತದೆ. ಮಾಳದ ಮೇಲೆ ಕಾವಲು ಕೂತರೆ ಸೊಳ್ಳೆ ಬಿಡುವುದಿಲ್ಲ. “ನಂಗೂ ಒಂದು ಹೊಲ್ಕೊಡಿ. ಆದ್ರೆ ಇದೇ ಥರ ಬೇಡ.” ಆಮೇಲೆ ಅವರು ಹೇಳಿದ್ದನ್ನು ನಾನು ಬರೆದುಕೊಂಡೆ. ಬಾಗಿಲು ಎಡಕ್ಕಿರಲಿ, ಗದ್ದೆ ಆ ಕಡೆ. ಜಿಪ್ಪಿನ ಸದ್ದಿಗೆ ಹಂದಿ ಓಡುತ್ತದೆ, ಅದು ಓಡುವುದೇ ಬೇಕಾದ್ದರಿಂದ ಪರವಾಗಿಲ್ಲ. ಟಾರ್ಚಿಗೆ, ಪಟಾಕಿಗೆ ಎರಡು ಜೇಬು, ಬೇರೆ ಬೇರೆ. ಚಗಳಿ ಅವರ ಗದ್ದೆಯಂಚಿನಲ್ಲಿಲ್ಲ, ಆದರೆ ಭತ್ತದ ಹೊತ್ತಿಗೆ ದೀಪಕ್ಕೆ ಮುತ್ತುವ ಸಣ್ಣ ಹುಳಗಳು ವಿಪರೀತ, ಬಲೆಯ ಕಣ್ಣು ಇನ್ನೂ ಸಣ್ಣದಿರಲಿ. ಒಂದೇ ಗುಡ್ಡದ ಮೇಲೂ ಕೆಳಗೂ ಹುಳುಗಳ ಪಟ್ಟಿ ಬೇರೆ, ಹೊಲಿಗೆಯೂ ಬೇರೆ. ಕೊನೆಗೆ ತುಸು ಸಂಕೋಚದಿಂದ, ಮುಖದ ಹತ್ತಿರ ಅಂಗೈಯಗಲದ ಒಂದು ಕಿಂಡಿ. ಯಾಕೆಂದು ಕೇಳುವ ಮೊದಲೇ ಅವರು ಪಕ್ಕಕ್ಕೆ ತಿರುಗಿ ಉಗುಳಿ ಉತ್ತರ ಕೊಟ್ಟರು.

ಬೆಂಗಳೂರಿಗೆ ಬಂದು ಆ ಪಟ್ಟಿಯನ್ನು ನಮ್ಮ ಬೀದಿಯ ಟೈಲರಿಗೆ ಓದಿ ಹೇಳಿದೆ. ಎಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಂಡು, ಟೇಪನ್ನು ಕೊರಳಿಂದ ತೆಗೆದು, ಅವರು ಕೇಳಿದ್ದು ಒಂದೇ ಪ್ರಶ್ನೆ: “ಉಗುಳೋ ಕಿಂಡಿಗೆ ಜಿಪ್ಪೇ ಬೇಕಾ ಸಾರ್, ಇಲ್ಲಾ ಪ್ರೆಸ್ ಬಟನ್ ಸಾಕಾ? ಅವಸರಕ್ಕೆ ಬಟನ್ನೇ ಒಳ್ಳೇದು.”